ಕ್ಲಚ್‌ನ ಗಾಳಿ ತೆಗೆಯಲು ಮೂರು ದಾರಿ

ಮೊದಲನೇ ಗೇರಿನಲ್ಲಿ ಕ್ಲಚ್ ಲಿವರನ್ನು ಪೂರ್ತಿ ಹಿಡಿದಿದ್ದರೂ ನನ್ನ ಬೈಕ್ ಮುಂದಕ್ಕೆ ತೆವಳುತ್ತಿತ್ತು. ನಿಂತಾಗ ನ್ಯೂಟ್ರಲ್ ಸಿಗುತ್ತಿರಲಿಲ್ಲ. ನಾಲ್ಕೈದು ಬಾರಿ ಲಿವರ್ ಒತ್ತಿದರೆ ಕ್ಷಣಕಾಲ ಗಟ್ಟಿಯಾಗಿ, ಮತ್ತೆ ಮೆತ್ತಗಾಗುತ್ತಿತ್ತು. ನನ್ನ ಬೈಕಿನ ಕ್ಲಚ್ ನಡೆಯುವುದು ತಂತಿಯಿಂದಲ್ಲ, ಕೊಳವೆಯೊಳಗಿನ ಫ್ಲೂಯಿಡ್‌ನ (ದ್ರವದ) ಒತ್ತಡದಿಂದ. ಆ ಕೊಳವೆಯಲ್ಲಿ ಗಾಳಿ ಸೇರಿದೆ ಎನ್ನುವುದಕ್ಕೆ ಇಷ್ಟು ಸಾಕು. ಅದನ್ನು ಹೊರಗಟ್ಟಲು ಮೂರು ವಿಧಾನಗಳನ್ನು ಪ್ರಯತ್ನಿಸಿದೆ.

ಲಿವರ್ ಒತ್ತಿ, ಕೆಳಗಿನ ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಸಡಿಲಿಸಿ, ಬಿಗಿ ಮಾಡಿ, ಲಿವರ್ ಬಿಡುವುದು ಹಳೆಯ ಕ್ರಮ. ಖರ್ಚಿಲ್ಲ, ಆದರೆ ತಾಳ್ಮೆ ಬೇಕು. ಲಿವರ್ ಬಳಿ ಇರುವ, ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದು ಒತ್ತಿಗೆ ತಳ್ಳುವ ಫ್ಲೂಯಿಡ್ ತೀರಾ ಕಡಿಮೆ. ಕೆಳಕ್ಕೆ ಸರಿದ ಗುಳ್ಳೆ ಮುಂದಿನ ಒತ್ತಿಗೆ ಮೊದಲೇ ಮೇಲಕ್ಕೆ ಏರಿಬಿಡುತ್ತದೆ. ಒಂದು ಗಂಟೆ ಬೆವರು ಸುರಿಸಿದ ಮೇಲೆ ಲಿವರ್ ಅರ್ಧದಷ್ಟು ಗಟ್ಟಿಯಾಯಿತು, ಅಷ್ಟೆ.

ಕೈಯಿಂದ ನಡೆಸುವ ವ್ಯಾಕ್ಯೂಮ್ ಪಂಪ್ ನನ್ನನ್ನು ಚೆನ್ನಾಗಿ ಏಮಾರಿಸಿತು. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳ ಮೆರವಣಿಗೆ ಮುಗಿಯಲೇ ಇಲ್ಲ. ಅವು ಕ್ಲಚ್‌ನ ಒಳಗಿನವಲ್ಲ, ಸಡಿಲಿಸಿದ ನಿಪ್ಪಲ್‌ನ ತಿರುಪಿನ ಸಂದಿಯಿಂದ ಹೊರಗಿನ ಗಾಳಿ ನುಸುಳುತ್ತಿತ್ತು! ತಿರುಪಿನ ಸುತ್ತ ಗ್ರೀಸ್ ಮೆತ್ತಿದ ಮೇಲೆ ಕಡಿಮೆಯಾಯಿತು.

ಗೆದ್ದದ್ದು ಸಿರಿಂಜ್. ನಿಪ್ಪಲ್‌ಗೆ ಕೊಳವೆ ಸಿಕ್ಕಿಸಿ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಫ್ಲೂಯಿಡ್ ತಳ್ಳಿದೆ. ಗಾಳಿ ಹೇಗೂ ಮೇಲಕ್ಕೇ ಹೋಗಬಯಸುತ್ತದೆ. ಅದರ ದಾರಿಯಲ್ಲೇ ಅದನ್ನು ಕಳುಹಿಸಿದರಾಯಿತು. ಹತ್ತು ನಿಮಿಷದಲ್ಲಿ ಲಿವರ್ ಕಲ್ಲಿನಂತಾಯಿತು. ಎಚ್ಚರಿಕೆ ಒಂದೇ: ಮೇಲೆ ಲಿವರ್ ಬಳಿಯ ಫ್ಲೂಯಿಡ್ ಡಬ್ಬಿಯಲ್ಲಿನ ಹಳೆಯ ಫ್ಲೂಯಿಡನ್ನು ಮೊದಲೇ ಹೀರಿ ತೆಗೆಯಬೇಕು. ನಾನು ಮರೆತೆ. ಅದು ಉಕ್ಕಿ ಹರಿದು ಟ್ಯಾಂಕಿನ ಬಣ್ಣ ಕಿತ್ತುಬಂದ ಗುರುತು ಇನ್ನೂ ಇದೆ.

ಯಾವ ದಾರಿ ಹಿಡಿದರೂ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಫ್ಲೂಯಿಡನ್ನೇ ಹಾಕಬೇಕು. ನನ್ನದಕ್ಕೆ ಡಾಟ್ 4 ಎಂಬ ಬ್ರೇಕ್ ಫ್ಲೂಯಿಡ್. ಕೆಲವು ಬೈಕುಗಳ ಕ್ಲಚ್ ಖನಿಜ ತೈಲ ಬೇಡುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಸುರಿದರೆ ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ.

ಎರಡು ವಾರದ ನಂತರ ಲಿವರ್ ಮತ್ತೆ ಮೆತ್ತಗಾಯಿತು. ಸಿರಿಂಜ್‌ನ ಮೇಲೆ ಸಿಟ್ಟು ಬಂತು. ಕೆಳಗೆ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್ ಬಿಚ್ಚಿ ನೋಡಿದರೆ ಪಿಸ್ಟನ್ ಹಿಂದೆಲ್ಲ ಒದ್ದೆ. ಸೀಲ್ ಸವೆದು ಹೋಗಿತ್ತು. ಹೊಸ ಸೀಲ್ ಹಾಕಿ, ಈ ಬಾರಿ ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ, ಅದೇ ಸಿರಿಂಜ್ ಎತ್ತಿಕೊಂಡೆ.