ಡೆಕ್ಸ್ಟ್ರಾನ್‌ಸುಕ್ರೇಸ್ ಬೇರ್ಪಡಿಸಲು ಪಿಇಜಿಯೋ, ಅಮೋನಿಯಂ ಸಲ್ಫೇಟೋ?

ಶಿರಸಿಯ ಆಲೆಮನೆಯಲ್ಲಿ ಹಿಂಡಿದ ಕಬ್ಬಿನ ಹಾಲು ಕಾಯಿಸದೆ ಉಳಿದರೆ ಲೋಳೆಯಾಗುತ್ತದೆ. ಆ ಲೋಳೆಯೇ ಡೆಕ್ಸ್ಟ್ರಾನ್. ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾದ ಡೆಕ್ಸ್ಟ್ರಾನ್‌ಸುಕ್ರೇಸ್ ಕಿಣ್ವ ಸುಕ್ರೋಸಿನ ಗ್ಲೂಕೋಸನ್ನು ಸರವಾಗಿ ಪೋಣಿಸಿ ಫ್ರಕ್ಟೋಸನ್ನು ಬಿಡುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಬೇರ್ಪಡಿಸುವವರಿಗೆ ನಮ್ಮ ಸಲಹೆ ಪಿಇಜಿ 1500, ಅಂದರೆ ನೀರಿನಲ್ಲಿ ಕರಗುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್.

ಜೀವಕೋಶ ತೆಗೆದ 100 ಮಿ.ಲೀ. ತಿಳಿಗೆ 50% ಪಿಇಜಿ ದ್ರಾವಣ 25 ಮಿ.ಲೀ. ಹನಿಹನಿಯಾಗಿ ಬೆರೆಸಿದರೆ ಸಾಂದ್ರತೆ 10% ಆಗುತ್ತದೆ. 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು ಸೆಂಟ್ರಿಫ್ಯೂಜ್ ಮಾಡಿ. ಡೆಕ್ಸ್ಟ್ರಾನ್‌ಗೆ ಅಂಟಿಕೊಂಡ ದೊಡ್ಡ ಕಿಣ್ವ ತಳ ಸೇರುತ್ತದೆ, ಚಿಕ್ಕ ಪ್ರೋಟೀನುಗಳು ಬಹುಪಾಲು ಮೇಲೇ ಉಳಿಯುತ್ತವೆ.

ಅಮೋನಿಯಂ ಸಲ್ಫೇಟ್ ಎಂಬ ಉಪ್ಪು ಅಗ್ಗ. ಆದರೆ 0 ಡಿಗ್ರಿಯಲ್ಲಿ 70% ಸ್ಯಾಚುರೇಶನ್‌ಗೆ 100 ಮಿ.ಲೀ.ಗೆ 43.6 ಗ್ರಾಂ ಬೇಕು, ಬೇರೆ ಪ್ರೋಟೀನುಗಳೂ ಜೊತೆಗಿಳಿಯುತ್ತವೆ. ಆಮೇಲೆ ಉಪ್ಪು ತೆಗೆಯಲು ಡಯಾಲಿಸಿಸ್, ಅಂದರೆ ಪೊರೆಯ ಚೀಲದಲ್ಲಿಟ್ಟು ಉಪ್ಪನ್ನು ಹೊರಗೆ ಸೋಸುವುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾದರೆ ಆ ರಾತ್ರಿಯ ಕೆಲಸವೇ ಹಾಳಾದಂತೆ. ಕಾರವಾರದ ತೇವಕ್ಕೆ ಉಪ್ಪು ಗಂಟುಕಟ್ಟುತ್ತದೆ, ಅರೆದು ಸ್ವಲ್ಪಸ್ವಲ್ಪವೇ ಹಾಕಿ. ಬ್ಯಾಸಿಲಸ್‌ನ ಲೆವಾನ್‌ಸುಕ್ರೇಸ್‌ನಂಥ ಚಿಕ್ಕ ಕಿಣ್ವಕ್ಕಾದರೆ ಉಪ್ಪೇ ಮೇಲು.

ಯಾವ ದಾರಿಯಾದರೂ ಗಸಿಯನ್ನು ಕರಗಿಸುವ ಬಫರ್ 20 ಮಿಲಿಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 5.4, ಜೊತೆಗೆ ಚೂರು ಕ್ಯಾಲ್ಸಿಯಂ ಕ್ಲೋರೈಡ್. ಇಡಿಟಿಎ ಬೇಡವೇ ಬೇಡ, ಅದು ಕಿಣ್ವಕ್ಕೆ ಬೇಕಾದ ಕ್ಯಾಲ್ಸಿಯಂ ಕಸಿಯುತ್ತದೆ.

ಕಿಣ್ವದ ಪರೀಕ್ಷೆ ಡಿಎನ್‌ಎಸ್‌ನಿಂದ, ಅಂದರೆ ಬಿಡುಗಡೆಯಾದ ಸಕ್ಕರೆಯನ್ನು ಬಣ್ಣದಿಂದ ತೋರಿಸುವ ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲದಿಂದ. ಅದು ಫ್ರಕ್ಟೋಸನ್ನಷ್ಟೇ ಅಲ್ಲ, ಸುಕ್ರೋಸ್ ಬರಿದೆ ಒಡೆದು ಬಂದ ಗ್ಲೂಕೋಸನ್ನೂ ಎಣಿಸುತ್ತದೆ. ಹಾಗಾಗಿ ಗ್ಲೂಕೋಸ್ ಆಕ್ಸಿಡೇಸ್ ಕಿಟ್‌ನಿಂದ ಗ್ಲೂಕೋಸನ್ನು ಬೇರೆಯಾಗಿ ಅಳೆಯಿರಿ. ವಿದ್ಯುತ್ತಿನಿಂದ ಪ್ರೋಟೀನುಗಳನ್ನು ಬೇರ್ಪಡಿಸಿದ ಜೆಲ್ಲನ್ನು ಟ್ರೈಟಾನ್ ಎಂಬ ಡಿಟರ್ಜೆಂಟಿನಲ್ಲಿ ತೊಳೆದು 5% ಸುಕ್ರೋಸಿನಲ್ಲಿ ರಾತ್ರಿ ಮುಳುಗಿಸಿಟ್ಟರೆ, ಕಿಣ್ವವಿದ್ದಲ್ಲಿ ಹಾಲಿನಂಥ ಬಿಳಿಗೆರೆ ಮೂಡುತ್ತದೆ.