ಮೊಲ, ನರಿ, ಕೈಕೊಡುವ ಹವಾಮಾನ: ಯಾವ ಮಾಡೆಲ್ ವಾಸಿ?

ಬೇಟೆಗಾರ ಮತ್ತು ಬೇಟೆಯ ಲೆಕ್ಕವನ್ನು ಎಲ್ಲರೂ ಶುರು ಮಾಡುವುದು ಲೋಟ್ಕಾ–ವೋಲ್ಟೆರಾ ಸಮೀಕರಣದಿಂದ. 1920ರ ದಶಕದ್ದು. ಮೊಲ ಹೆಚ್ಚಿದರೆ ನರಿ ಹೆಚ್ಚುತ್ತದೆ, ನರಿ ಹೆಚ್ಚಿದರೆ ಮೊಲ ಇಳಿಯುತ್ತದೆ, ಆಮೇಲೆ ನರಿಯೂ ಇಳಿಯುತ್ತದೆ. ಮತ್ತೆ ಅದೇ ಸುತ್ತು. ಚೆಂದದ ಸಮೀಕರಣ, ಆದರೆ ಅದರಲ್ಲಿ ಬರವಿಲ್ಲ, ರೋಗವಿಲ್ಲ, ಕಡು ಚಳಿಯಿಲ್ಲ. ಹವಾಮಾನದ ಏರುಪೇರನ್ನು ಒಳಗೆ ತರುವ ಬೇರೆ ಬೇರೆ ದಾರಿಗಳನ್ನು ಒಂದೇ ಅಂಕಿಗಳ ಮೇಲೆ ಓಡಿಸಿ ನೋಡಿದೆ.

ಅಂಕಿಗಳು ಇವು: ಮೊಲದ ಬೆಳವಣಿಗೆ ದರ ವರ್ಷಕ್ಕೆ 1, ಬೇಟೆಯ ದರ 0.1, ನರಿಯ ಸಾವಿನ ದರ 0.5, ತಿಂದ ಮೊಲ ನರಿಮರಿಯಾಗಿ ಬದಲಾಗುವ ದರ 0.02. ಸಮತೋಲನ 25 ಮೊಲ, 10 ನರಿ. ಒಂದು ಸುತ್ತಿಗೆ ಸುಮಾರು 9 ವರ್ಷ. ನಿಜವಾದ ಯಾವ ಕಾಡಿನದೂ ಅಲ್ಲ, ಹೋಲಿಸಲು ಸಾಕು.

ಮೊದಲು ವೈಟ್ ನಾಯ್ಸ್. ಬೆಳವಣಿಗೆ ದರಕ್ಕೆ ಕ್ಷಣಕ್ಷಣವೂ ಒಂದು ರ್‍ಯಾಂಡಮ್ ಅಲುಗಾಟ ಸೇರಿಸುವುದು. ಕೋಡ್ ನಾಲ್ಕೈದು ಸಾಲು, ಪೇಪರುಗಳೂ ಬೇಕಾದಷ್ಟಿವೆ. ಇದು ಕಲಿಸುವ ಒಂದು ಪಾಠ ನನಗೆ ತುಂಬಾ ಇಷ್ಟ. ಒಂದು ವರ್ಷ ಶೇಕಡ 50 ಏರಿ ಮರುವರ್ಷ ಶೇಕಡ 50 ಇಳಿದರೆ 100 ಮೊಲ 150 ಆಗಿ 75ಕ್ಕೆ ಬರುತ್ತವೆ. ಸರಾಸರಿ ಸೊನ್ನೆ, ನಷ್ಟ ಕಾಲು ಭಾಗ! ಇಂಥ ಅಲುಗಾಟಕ್ಕೆಂದೇ ಇರುವ ಗಣಿತವಾದ ಇಟೊ ಲೆಕ್ಕದಲ್ಲಿ ಇದೇ ಮಾತು ಸೂತ್ರವಾಗಿ ಬರುತ್ತದೆ: ದೀರ್ಘಾವಧಿಯ ದರ ಎಂದರೆ ಬೆಳವಣಿಗೆ ದರದಿಂದ ಅಲುಗಾಟದ ವರ್ಗದ ಅರ್ಧ ಕಳೆದದ್ದು. ಅಲುಗಾಟ 0.5 ಇದ್ದರೆ 1 ಹೋಗಿ 0.875 ಆಗುತ್ತದೆ. 1.5ಕ್ಕೆ ಏರಿಸಿದರೆ ದರ ಸೊನ್ನೆಗಿಂತ ಕೆಳಗೆ. ಆಗ ಒಂದು ನರಿಯೂ ಇಲ್ಲದೆ ಮೊಲಗಳು ಅಳಿಯುತ್ತವೆ.

ಇಲ್ಲೊಂದು ಎಚ್ಚರಿಕೆ. ಕಾಲವನ್ನು ಹೆಜ್ಜೆಹೆಜ್ಜೆಯಾಗಿ ಕತ್ತರಿಸಿ ಲೆಕ್ಕ ಮಾಡುವ ಸಾದಾ ಆಯ್ಲರ್ ವಿಧಾನದಲ್ಲಿ ಬರೆದ ಕೋಡ್ ಅಲುಗಾಟ ಸೊನ್ನೆ ಇದ್ದಾಗಲೂ ಸುತ್ತನ್ನು ಹೊರಕ್ಕೆ ಹಿಗ್ಗಿಸುತ್ತದೆ. ಅದನ್ನು ಹವಾಮಾನದ ಪರಿಣಾಮ ಅಂದುಕೊಂಡರೆ ಕಥೆ ಮುಗಿಯಿತು. ಸಂಖ್ಯೆಯ ಬದಲು ಅದರ ಲಾಗ್ ಮೇಲೆ ಲೆಕ್ಕ ಮಾಡಿ, ಹೆಜ್ಜೆ ಸಣ್ಣದಿಡಿ. ಲಾಗ್ ತೆಗೆದುಕೊಂಡರೆ ಮೊಲದ ಸಂಖ್ಯೆ ಮೈನಸ್‌ಗೆ ಇಳಿಯುವುದೂ ತಪ್ಪುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಸುತ್ತು ಹಿಗ್ಗಿದರೆ ಅದು ನಿಜವಾದ ಹಿಗ್ಗುವಿಕೆ. ಲೋಟ್ಕಾ–ವೋಲ್ಟೆರಾದಲ್ಲಿ ಸುತ್ತಿನ ಗಾತ್ರ ಹೇಳುವ ಒಂದು ಮೊತ್ತ ಎಂದೂ ಬದಲಾಗುವುದಿಲ್ಲ. ವೈಟ್ ನಾಯ್ಸ್ ಸೇರಿದ ಕೂಡಲೇ ಅದರ ಸರಾಸರಿ ಒಂದೇ ವೇಗದಲ್ಲಿ ಏರುತ್ತಾ ಹೋಗುತ್ತದೆ.

ವೈಟ್ ನಾಯ್ಸ್‌ನ ದೊಡ್ಡ ಕೊರತೆ, ಅದಕ್ಕೆ ನೆನಪಿಲ್ಲ. ಈ ಕ್ಷಣ ಬರವಿದ್ದರೆ ಮುಂದಿನ ಕ್ಷಣದ ಬಗ್ಗೆ ಅದು ಏನೂ ಹೇಳುವುದಿಲ್ಲ. ನಿಜವಾದ ಬರ, ರೋಗ ಹಾಗಿರುವುದಿಲ್ಲ ಅಲ್ವಾ? ಅಮೆರಿಕದ ಐಲ್ ರಾಯಲ್ ದ್ವೀಪದಲ್ಲಿ 1980ರ ದಶಕದ ಮೊದಲ ವರ್ಷಗಳಲ್ಲಿ ನಾಯಿಗಳ ರೋಗವಾದ ಪಾರ್ವೊವೈರಸ್ ಬಂದಾಗ 50ರಷ್ಟಿದ್ದ ತೋಳಗಳು 14ಕ್ಕೆ ಇಳಿದವು. ಇದು ಸಣ್ಣ ಅಲುಗಾಟವಲ್ಲ, ಪರಿಸ್ಥಿತಿಯೇ ಬದಲಾದದ್ದು.

ಅದಕ್ಕೇ ನನ್ನ ಒಲವು ಎರಡನೆಯದರ ಕಡೆ: ಸ್ವಿಚಿಂಗ್ ಮಾಡೆಲ್. ಒಳ್ಳೆಯ ಕಾಲ, ಕೆಟ್ಟ ಕಾಲ ಎಂದು ಎರಡು ಸಮೀಕರಣ ಇಟ್ಟುಕೊಂಡು ಮಾರ್ಕೊವ್ ಚೈನ್ (ಮುಂದಿನ ಹೆಜ್ಜೆ ಈಗಿನ ಸ್ಥಿತಿಯನ್ನಷ್ಟೇ ನೋಡುವ ಆಕಸ್ಮಿಕ ಆಟ) ಮೂಲಕ ಒಂದರಿಂದ ಇನ್ನೊಂದಕ್ಕೆ ಹಾರುವುದು. ಒಳ್ಳೆಯ ಕಾಲದಲ್ಲಿ ಮೊಲದ ದರ 1, ಕೆಟ್ಟ ಕಾಲದಲ್ಲಿ 0.5 ಎಂದಿಟ್ಟೆ. ಪೆಟ್ಟು ಬಿದ್ದದ್ದು ಮೊಲದ ಹುಲ್ಲಿಗೆ. ಆದರೆ ಸಮತೋಲನದಲ್ಲಿ ಮೊಲ 25ರಲ್ಲೇ ನಿಲ್ಲುತ್ತದೆ, ನರಿ 10ರಿಂದ 5ಕ್ಕೆ ಬೀಳುತ್ತದೆ! ಮೊಲದ ಸಮತೋಲನವನ್ನು ನಿರ್ಧರಿಸುವುದು ನರಿಯ ದರಗಳು, ನರಿಯದನ್ನು ಮೊಲದ ದರ.

ಎರಡೂ ಕಾಲಗಳನ್ನು ಬೇರೆ ಬೇರೆ ನೋಡಿದರೆ ಸುಮ್ನೆ ಸುತ್ತುವ ಶಾಂತ ಮಾಡೆಲ್‌ಗಳು. ನಡುವೆ ಹಾರುತ್ತಾ ಹೋದರೆ ಶಾಂತಿ ಉಳಿಯುವುದಿಲ್ಲ. ಎರಡು ಸಮತೋಲನಗಳು ಬೇರೆಬೇರೆ ಇದ್ದರೆ ಮೊಲ, ನರಿಯ ಸಂಖ್ಯೆಗಳಿಗೆ ಎಷ್ಟು ಅಗಲದ ಮಿತಿಯ ಬೇಲಿ ಹಾಕಿದರೂ ಅವು ಒಂದಲ್ಲ ಒಂದು ದಿನ ದಾಟುತ್ತವೆ ಎಂದು ಗಣಿತಜ್ಞ ತಾಕೆಯುಚಿ ಮತ್ತು ಸಂಗಡಿಗರು 2006ರಲ್ಲಿ ಸಾಧಿಸಿದ್ದಾರೆ. ಹಾರುವ ವೇಗವೂ ಮುಖ್ಯ. ತೀರಾ ಬೇಗ ಹಾರಿದರೆ ಎರಡರ ಸರಾಸರಿಯಂತೆ ನಡೆಯುತ್ತದೆ. ತೀರಾ ನಿಧಾನವಾದರೂ ಕಾಟ ಕಡಿಮೆ. ಸಣ್ಣ ಸುತ್ತುಗಳು ಬೇಗ ಹಿಗ್ಗುವುದು ಒಂದೊಂದು ಕಾಲವೂ ಸುತ್ತಿನ ಮೂರನೇ ಒಂದು ಭಾಗದಷ್ಟು ಉಳಿದಾಗ. ಈ ಅಂಕಿಗಳಿಗೆ ಅದು 3 ವರ್ಷದ ಆಸುಪಾಸು. ಎರಡು ಮೂರು ವರ್ಷ ಎಳೆಯುವ ಬರ ಎಂದರೆ ನನಗೆ ಭಯವಾಗುವುದು ಇದಕ್ಕೇ.

ಇವೆರಡರ ಮಧ್ಯೆ ಆರ್ನ್‌ಸ್ಟೈನ್–ಉಲೆನ್‌ಬೆಕ್ ನಾಯ್ಸ್ ಇದೆ. ನೆನಪುಂಟು, ದಿಢೀರ್ ಹಾರಾಟವಿಲ್ಲ. ತಾಪಮಾನದಂಥ ನಿಧಾನದ ಏರಿಳಿತಕ್ಕೆ ಸರಿ.

ಮೂರನೆಯದು ಗಿಲೆಸ್ಪಿ ವಿಧಾನ, 1970ರ ದಶಕದ್ದು. ಇಲ್ಲಿ ಪ್ರತಿ ಹುಟ್ಟು, ಪ್ರತಿ ಸಾವು ಒಂದೊಂದು ಘಟನೆ. ಸಂಖ್ಯೆ ಜಾಸ್ತಿಯಾದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಆದರೆ ಸಮೀಕರಣದಲ್ಲಿ 0.001 ನರಿ ಬದುಕಿದ್ದು ಮತ್ತೆ ಕಾಡು ತುಂಬುತ್ತದೆ, ಗಿಲೆಸ್ಪಿಯಲ್ಲಿ ಕೊನೆಯ ನರಿ ಸತ್ತರೆ ಸತ್ತಿತು. ಅಳಿವಿನ ಪ್ರಶ್ನೆ ಕೇಳುವವರಿಗೆ ಇದನ್ನು ಬಿಟ್ಟು ದಾರಿಯಿಲ್ಲ. ಇದು ತರುವುದು ಹವಾಮಾನದ ಏರುಪೇರನ್ನಲ್ಲ, ಹುಟ್ಟು ಸಾವಿನ ಆಕಸ್ಮಿಕವನ್ನು. ಎರಡನ್ನೂ ಒಂದೇ ಎಂದು ಬರೆಯುವುದನ್ನು ನೋಡಿದರೆ ಬೇಸರವಾಗುತ್ತದೆ.

ಯಾವ ದಾರಿ ಹಿಡಿದರೂ ತಳಪಾಯಕ್ಕೆ ಲೋಟ್ಕಾ–ವೋಲ್ಟೆರಾ ಬೇಡ, 1963ರ ರೋಸೆನ್‌ಜ್ವೈಗ್–ಮ್ಯಾಕ್‌ಆರ್ಥರ್ ಮಾಡೆಲ್ ಇರಲಿ. ಅದರಲ್ಲಿ ಹುಲ್ಲಿಗೆ ಮಿತಿಯಿದೆ, ನರಿಗೆ ಹೊಟ್ಟೆ ತುಂಬುತ್ತದೆ, ಸುತ್ತು ಮಿತಿಯಿಲ್ಲದೆ ಹಿಗ್ಗುವುದಿಲ್ಲ. ಪ್ರಾಣಿಗಳು ಸಾವಿರಗಟ್ಟಲೆ ಇದ್ದರೆ ಅದರ ಮೇಲೆ ಸ್ವಿಚಿಂಗ್ ಸಾಕು. ನೂರರ ಒಳಗಿದ್ದರೆ ಸ್ವಿಚಿಂಗ್ ಮತ್ತು ಗಿಲೆಸ್ಪಿ ಎರಡನ್ನೂ ಸೇರಿಸಿ. ಕಷ್ಟವೇನಿಲ್ಲ: ಹುಟ್ಟು, ಬೇಟೆ, ಸಾವಿನ ಪಟ್ಟಿಗೆ ಕಾಲ ಬದಲಾಗುವುದನ್ನೂ ಇನ್ನೊಂದು ಘಟನೆಯಾಗಿ ಸೇರಿಸಿದರೆ ಆಯಿತು.