ತೋಟದ ತೋಡಿನ ಮರಳನ್ನು ಹವಳದ ಟ್ಯಾಂಕಿಗೆ ಹಾಕಬೇಡಿ

ಕೊಡಗಿನಲ್ಲಿ ಯಾರಾದರೂ ಉಪ್ಪುನೀರಿನ ಹವಳದ ಟ್ಯಾಂಕ್ ಇಡಲು ಹೊರಟಿದ್ದರೆ, ಮರಳು ತರುವ ಮೊದಲು ಇದನ್ನು ಓದಿ. ನನ್ನ ಟ್ಯಾಂಕಿನಲ್ಲಿ ಮೂರು ಸಿಗಡಿ, ಹನ್ನೊಂದು ಬಸವನಹುಳು, ನಾಲ್ಕು ಹರ್ಮಿಟ್ ಏಡಿ ಸತ್ತವು. ಮೀನು ಒಂದೂ ಸಾಯಲಿಲ್ಲ. ಇದರಲ್ಲೇ ಉತ್ತರ ಇತ್ತು, ಆದರೆ ನನಗದು ಹೊಳೆಯಲು ಎರಡು ತಿಂಗಳು ಹಿಡಿಯಿತು.

ನಮ್ಮ ಮನೆ ಸಿದ್ದಾಪುರದ ಹತ್ತಿರ. ಟ್ಯಾಂಕ್ ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ತಳಕ್ಕೆ ಒಂದೂವರೆ ಇಂಚು ಮರಳು ಹಾಸಲು ಸುಮಾರು 25 ಕಿಲೋ ಬೇಕು. ಹವಳದ ಟ್ಯಾಂಕಿಗೆ ಹಾಕುವ, ಹೊರದೇಶದಿಂದ ಬರುವ ಅರಗೋನೈಟ್ (ಸುಣ್ಣದ ಅಂಶದ) ಮರಳಿನ ರೇಟು ಕೇಳಿ ಸುಮ್ಮನಾದೆ. ಸಿಹಿನೀರಿನ ಟ್ಯಾಂಕಿಗೆ ವರ್ಷಗಟ್ಟಲೆ ಹೊಳೆ ಮರಳನ್ನೇ ಹಾಕಿದವನು ನಾನು, ಏನೂ ಆಗಿರಲಿಲ್ಲ. ಚಿಕ್ಕಪ್ಪನ ಕಾಫಿ ತೋಟದ ಅಂಚಿನಲ್ಲಿ ಒಂದು ತೋಡು ಹರಿಯುತ್ತೆ, ಅದರ ತಿರುವಿನಲ್ಲಿ ಸಣ್ಣ, ಚಂದದ ಮರಳು ಕೂತಿರುತ್ತೆ. ಕೇಳಿದ್ದಕ್ಕೆ, "ಬೇಕಾದಷ್ಟು ತಗೊಂಡು ಹೋಗು ಮಗ" ಅಂದರು.

ಕೊಯ್ಲು ಮುಗಿದು ಕಣ ಖಾಲಿಯಿತ್ತು. ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು, ಹಂಡೆಯಲ್ಲಿ ಕುದಿಸಿ, ಕಣದಲ್ಲಿ ಎರಡು ದಿನ ಒಣಗಿಸಿದೆ. ಕಾಗೆಬಂಗಾರದ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಕುದಿಸಿದರೆ ಹುಳ ಸಾಯುತ್ತೆ, ಲೋಹ ಹೋಗಲ್ಲ ಅನ್ನುವುದು ಆಗ ತಲೆಗೆ ಬರಲಿಲ್ಲ.

ಮರಳು, ಕಲ್ಲು, ಉಪ್ಪುನೀರು ಹಾಕಿ ಐದು ವಾರದಲ್ಲಿ, ಹೊಸ ಟ್ಯಾಂಕಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದವು. ಮಧ್ಯದಲ್ಲಿ ಮರಳಿನ ಮೇಲೆ ಕಂದು ಪೊರೆ ಬಂತು, ಹೋಯಿತು. ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ, ಹೊಸ ಟ್ಯಾಂಕಿನಲ್ಲಿ ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಒಂದು ಜೋಡಿ ಕ್ಲೌನ್ ಮೀನು ಬಿಟ್ಟೆ, ಆರಾಮಾಗಿದ್ದವು. ಆಮೇಲೆ ಬಸವನಹುಳು ಬಿಟ್ಟೆ. ಮೂರನೇ ದಿನಕ್ಕೆ ಒಂದೊಂದಾಗಿ ಗಾಜಿನಿಂದ ಕಳಚಿ ಬೀಳತೊಡಗಿದವು. ಸಿಗಡಿ ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಮಶ್ರೂಮ್ ಹವಳ ಮುದುಡಿ ಗುಂಡಿಯಷ್ಟಾಯಿತು. ಉಪ್ಪಿನ ಸಾಂದ್ರತೆ 1.025, ಉಷ್ಣಾಂಶ 26 ಡಿಗ್ರಿ, ಎಲ್ಲ ಸರಿ. ಮೂರು ಸಲ ನೀರು ಬದಲಿಸಿದೆ, ಮತ್ತೆರಡು ಸಿಗಡಿ ತಂದೆ. ಅವೂ ಹೋದವು. ಜೀವ ಇರುವ ಪ್ರಾಣಿಗಳನ್ನು ತಂದು ತಂದು ಕೊಂದೆನಲ್ಲ ಅನ್ನುವ ಸಂಕಟ ಇನ್ನೂ ಹೋಗಿಲ್ಲ.

ಕೊನೆಗೆ ಮಂಗಳೂರಿನ ಗೆಳೆಯರೊಬ್ಬರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಮೀನಿಗೆ ತಾಮ್ರದ ಔಷಧಿ ಏನಾದ್ರೂ ಹಾಕಿದ್ರಾ?" ಇಲ್ಲ ಅಂದೆ. ಮೀನಿನ ಬಿಳಿಚುಕ್ಕಿ ರೋಗಕ್ಕೆ ತಾಮ್ರ ಒಂದು ಮದ್ದು, ಅಳತೆ ಮೀರದಿದ್ದರೆ ಮೀನು ತಡೆದುಕೊಳ್ಳುತ್ತೆ. ಬೆನ್ನುಮೂಳೆ ಇಲ್ಲದ ಪ್ರಾಣಿಗಳಿಗೆ ಅಷ್ಟೇ ಪ್ರಮಾಣ ವಿಷ. ಸಿಗಡಿಯ ರಕ್ತದಲ್ಲೇ ತಾಮ್ರ ಇರುತ್ತೆ, ಆದರೂ ನೀರಿನಲ್ಲಿ ಸ್ವಲ್ಪ ಹೆಚ್ಚಾದರೆ ಸಿಗಡಿ ಉಳಿಯಲ್ಲ.

ತಾಮ್ರ ಅಂದ ಕೂಡಲೇ ನನಗೆ ಮೈಲುತುತ್ತ ನೆನಪಾಯಿತು. ಕಾಫಿಯ ಎಲೆ ತುಕ್ಕು ರೋಗಕ್ಕೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಬೋರ್ಡೋ ಹೊಡೆಯದ ತೋಟ ನಮ್ಮಲ್ಲಿ ಎಷ್ಟಿವೆ? ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಚಿಕ್ಕಪ್ಪನನ್ನು ಕೇಳಿದೆ. "ಡ್ರಮ್ಮು, ಪಂಪು ತೊಳೆಯೋದು ಆ ತೋಡಿನಲ್ಲೇ ಅಲ್ವಾ, ಅಲ್ಲಿ ಬಿಟ್ಟರೆ ನೀರೆಲ್ಲಿದೆ" ಅಂದರು. ಅವರ ತಪ್ಪೇನೂ ಇಲ್ಲ, ಮರಳು ಯಾತಕ್ಕೆ ಅಂತ ನಾನು ಬಿಡಿಸಿ ಹೇಳಿರಲಿಲ್ಲ.

ತಾಮ್ರದ ಟೆಸ್ಟ್ ಕಿಟ್ ತರಿಸಿದೆ. ಮಿಕ್ಕಿದ್ದ ಮರಳಿನಲ್ಲಿ ಎರಡು ಹಿಡಿ ತೆಗೆದು ಒಂದು ಲೀಟರ್ ಉಪ್ಪುನೀರಿನಲ್ಲಿ ವಾರ ಇಟ್ಟು ನೋಡಿದೆ. ಆ ನೀರಿಗೆ ಕಿಟ್ ಹಾಕಿದಾಗ ಬಣ್ಣ ತಿರುಗಿತು, ಅಂದರೆ ತಾಮ್ರ ಇತ್ತು.

ಮರಳು ತೆಗೆದರೂ ಕೆಲಸ ಮುಗಿಯಲಿಲ್ಲ. ಸುಣ್ಣದ ಅಂಶದ ಕಲ್ಲುಗಳು ತಾಮ್ರವನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತವೆ. ಹಾಗಾಗಿ ಕಲ್ಲುಗಳನ್ನೂ ಎಸೆದೆ. ಯಾರಾದರೂ ಹಳೆಯ ಟ್ಯಾಂಕಿನ ಕಲ್ಲು, ಮರಳು ಕಡಿಮೆಗೆ ಕೊಡುತ್ತೇನೆ ಅಂದರೆ, ಅದರಲ್ಲಿ ತಾಮ್ರದ ಔಷಧಿ ಬಳಸಿದ್ದಿರಾ ಅಂತ ಮೊದಲು ಕೇಳಿ.

ಕೊಳ್ಳುವುದಾದರೆ ಅರಗೋನೈಟನ್ನೇ ಕೊಳ್ಳಿ, ಕಾಳು 1ರಿಂದ 2 ಮಿಲಿಮೀಟರ್ ಇರಲಿ. ಸಕ್ಕರೆಗಿಂತ ಸಣ್ಣದು ಪಂಪಿನ ಹೊಡೆತಕ್ಕೆ ಎದ್ದು ಹವಳದ ಮೇಲೆ ಕೂರುತ್ತೆ, ತೀರಾ ದಪ್ಪ ಕಾಳಿನ ಸಂದಿಯಲ್ಲಿ ಕೊಳೆ ನಿಲ್ಲುತ್ತೆ. ಎಂ-ಸ್ಯಾಂಡ್ ಬೇಡವೇ ಬೇಡ, ಅದು ಒಡೆದ ಕಲ್ಲಿನ ಚೂಪು ಚೂರು, ದೂಳು ಬೇರೆ. ವಿನೆಗರ್ ಹಾಕಿದಾಗ ನೊರೆ ಬಂದರೆ ಸುಣ್ಣದ ಮರಳು ಅಂತ ಹೇಳುತ್ತಾರೆ, ಸರಿ. ಆದರೆ ಆ ಪರೀಕ್ಷೆ ತಾಮ್ರದ ಬಗ್ಗೆ ಏನೂ ಹೇಳಲ್ಲ. ಇನ್ನು ಸಮುದ್ರದಿಂದ ಆರಿಸಿದ ಹವಳದ ಚೂರು ಅಂತ ಯಾರಾದರೂ ಮಾರಲು ಬಂದರೆ ಮುಟ್ಟಬೇಡಿ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ನನ್ನ ಕ್ಲೌನ್ ಜೋಡಿ ಸದ್ಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿದೆ. ಹೊಸ ಚೀಲದ ಮರಳಿನಲ್ಲೂ ಎರಡು ಹಿಡಿ ಬಾಟಲಿಗೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೇನೆ. ಇವತ್ತಿಗೆ ನಾಲ್ಕು ದಿನ.